ತಲೆಯ ಪೆಟ್ಟೂ ಕಾಂತಚಿಕಿತ್ಸೆಯೂ

ಕಾತ್ರಜ–ಕೊಂಢವಾ ರಸ್ತೆಯಲ್ಲಿ ದ್ವಿಚಕ್ರ ವಾಹನದಿಂದ ಉರುಳಿದವನೂ, ನೀರು ಚೆಲ್ಲಿದ ಹೋಟೆಲಿನ ಅಡಿಗೆಮನೆಯಲ್ಲಿ ಜಾರಿ ಬಿದ್ದವನೂ ‘ರಕ್ತ ಬರಲಿಲ್ಲ, ಬದುಕಿದೆ’ ಎಂದು ಎದ್ದು ಮರುದಿನವೇ ಕೆಲಸಕ್ಕೆ ನಿಲ್ಲುವುದುಂಟು. ಆದರೆ ಮಿದುಳು ಬುರುಡೆಯೊಳಗೆ ಅಲುಗಿದರೆ ಹೊರಗೆ ಗಾಯವಿರಲೇಬೇಕೆಂಬ ನಿಯಮವಿಲ್ಲ. ಹೆಚ್ಚಿನವರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಕೆಲವರಲ್ಲಿ ಮಾತ್ರ ತಲೆನೋವು, ತಲೆಸುತ್ತು, ನಿದ್ರಾನಾಶ, ಮರೆವು, ಬೆಳಕು–ಸದ್ದುಗಳನ್ನು ಸಹಿಸಲಾರದ ಸ್ಥಿತಿ ಮೂರು ತಿಂಗಳು ದಾಟಿದರೂ ಉಳಿಯುತ್ತವೆ. ಸಪ್ಲಾಯರನಿಗೆ ಆರ್ಡರು ನೆನಪಿರದು. ಗುಮಾಸ್ತನಿಗೆ ಲೆಕ್ಕ ಕೂಡದು. ಸಿ.ಟಿ. ಸ್ಕ್ಯಾನಿನಲ್ಲಿ ದೋಷ ಕಾಣದ್ದರಿಂದ ಧಣಿಯೂ ಮನೆಯವರೂ ಇದನ್ನು ಸೋಮಾರಿತನವೆಂದು ಬಗೆಯುವುದುಂಟು. ಇದು ಅನ್ಯಾಯ. ಆ ಸ್ಕ್ಯಾನು ರಕ್ತಸ್ರಾವವನ್ನೂ ಮೂಳೆಯ ಬಿರುಕನ್ನೂ ತೋರಿಸಬಲ್ಲುದೇ ಹೊರತು ನರತಂತುಗಳ ಸೂಕ್ಷ್ಮ ವ್ಯತ್ಯಯವನ್ನಲ್ಲ.

ಇಂತಹವರಿಗಾಗಿ, ಶಸ್ತ್ರಪ್ರಯೋಗವಿಲ್ಲದೆ ಮಿದುಳನ್ನು ಪ್ರಚೋದಿಸುವ ಟಿ.ಎಂ.ಎಸ್. ಎಂಬ ಕಾಂತಚಿಕಿತ್ಸೆಯನ್ನು ವೈದ್ಯರು ಪರೀಕ್ಷಿಸುತ್ತಿದ್ದಾರೆ. ಬದಲಾಗುವ ಕಾಂತಕ್ಷೇತ್ರವು ವಿದ್ಯುತ್ತನ್ನು ಹುಟ್ಟಿಸುವುದೆಂದು ಮೈಕೇಲ್ ಫ್ಯಾರಡೆಯು 1831ರಲ್ಲಿ ತೋರಿಸಿದನು. ಅದೇ ತತ್ತ್ವದ ಆಧಾರದಿಂದ 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದ ಆಂತೊನಿ ಬಾರ್ಕರ್ ಮತ್ತು ಸಂಗಡಿಗರು ತಲೆಯ ಮೇಲೆ ತಂತಿಯ ಸುರುಳಿಯನ್ನಿಟ್ಟು, ಮಿದುಳಿನ ಮೂಲಕ ಕೈಯ ಸ್ನಾಯುಗಳು ಮಿಡಿಯುವಂತೆ ಮಾಡಿದರು. ರೋಗಿಯು ಎಚ್ಚರವಾಗಿಯೇ ಕುಳಿತಿರುತ್ತಾನೆ. ಟಕ್ ಟಕ್ ಸದ್ದು, ತಲೆಗೆ ಮೆಲ್ಲನೆ ಕುಟ್ಟಿದಂತಹ ಅನುಭವ. ಅಮೆರಿಕವು 2008ರಲ್ಲಿ ಇದನ್ನು ಖಿನ್ನತೆಯ ಚಿಕಿತ್ಸೆಗೆ ಅನುಮೋದಿಸಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಮನೋರೋಗಿಗಳಿಗೆ ಇದು ದೊರೆಯುತ್ತದೆ.

ತಲೆಪೆಟ್ಟಿನ ತರುವಾಯದ ತೊಂದರೆಗಳಿಗೆ ಇದರಿಂದ ಗುಣವುಂಟೆ? ಕೆಲವು ಸಣ್ಣ ಪ್ರಯೋಗಗಳಲ್ಲಿ ತಲೆನೋವೂ ಖಿನ್ನತೆಯೂ ತಗ್ಗಿದವು. ಬೇರೆ ಕೆಲವುಗಳಲ್ಲಿ ಹುಸಿಚಿಕಿತ್ಸೆ ಪಡೆದವರಿಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ಆದುದರಿಂದ ಆಸೆಗೆ ಅವಕಾಶವುಂಟು, ಖಾತರಿಗೆ ಇನ್ನೂ ಇಲ್ಲ. ಖಂಡಿತವಾಗಿ ಗುಣವಾಗುವುದೆಂದು ಹಣ ಕೇಳುವವರನ್ನು ನಂಬಿ ವರ್ಷದ ಉಳಿತಾಯವನ್ನು ಸುರಿಯಬಾರದು. ಅಪಸ್ಮಾರವುಳ್ಳವರು, ತಲೆಯಲ್ಲಿ ಲೋಹದ ತುಂಡು ಅಥವಾ ಎದೆಯಲ್ಲಿ ಪೇಸ್‌ಮೇಕರ್ ಇರುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು.

ಸದ್ಯಕ್ಕೆ ಅನುಸರಿಸತಕ್ಕ ಮಾರ್ಗವು ಸರಳವಾದುದು: ಒಂದೆರಡು ದಿನ ವಿಶ್ರಾಂತಿ, ಬಳಿಕ ಮೆಲ್ಲಮೆಲ್ಲನೆ ನಡಿಗೆ, ಹಗುರವಾದ ಕೆಲಸ, ಹೊತ್ತಿಗೆ ಸರಿಯಾಗಿ ನಿದ್ರೆ, ಮದ್ಯವರ್ಜನೆ. ತಲೆನೋವು ಏರುತ್ತಿದ್ದರೆ, ಪದೇ ಪದೇ ವಾಂತಿ, ಸೆಳವು, ಮಂಪರು, ಕೈಕಾಲುಗಳ ಬಲಹೀನತೆ ಕಂಡರೆ ಒಡನೆಯೇ ಆಸ್ಪತ್ರೆಗೆ ಹೋಗಬೇಕು. ಇ.ಎಸ್.ಐ. ವಿಮೆಯುಳ್ಳ ಕೊಂಢವಾದ ಕೆಲಸಗಾರರಿಗೆ ನೆರೆಯ ಬಿಬ್ವೇವಾಡಿಯಲ್ಲಿಯೇ ಆಸ್ಪತ್ರೆಯುಂಟು; ವೈದ್ಯರ ಪ್ರಮಾಣಪತ್ರವಿದ್ದರೆ ನಿಯಮಾನುಸಾರ ರಜೆಯ ದಿನಗಳ ಭತ್ಯೆಯನ್ನೂ ಕೇಳಬಹುದು. ಧಣಿಗಳು ಅಂತಹವನನ್ನು ಕೆಲವು ವಾರ ಒಲೆಯ ಉರಿ, ಪಾತ್ರೆಗಳ ಗದ್ದಲಗಳಿಂದ ದೂರದ ಕೆಲಸಕ್ಕೆ ಹಚ್ಚಿದರೆ ಒಳ್ಳೆಯ ಕೆಲಸಗಾರನೊಬ್ಬನನ್ನು ಉಳಿಸಿಕೊಂಡಂತಾಗುವುದು.