ಬರಗಾಲದಲ್ಲಿ ನದಿ ನೀರಿನ ಗುಣಮಟ್ಟದ ಲೆಕ್ಕಾಚಾರ ಮತ್ತು ಜಲಾಶಯ ನಿರ್ವಹಣೆ: ಗ್ರಾಮ ಪಂಚಾಯಿತಿ ಸದಸ್ಯರ ತಿಳಿವಳಿಕೆಗಾಗಿ

2023ರಲ್ಲಿ ಮುಂಗಾರು ವಿಫಲವಾದ ಕಾರಣ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಮರುವರ್ಷದ ಬೇಸಿಗೆಯಲ್ಲಿ ಭೀಮಾ ನದಿಯ ಪಾತ್ರ ಬಹುಭಾಗ ಬತ್ತಿತು. ಇಂತಹ ಸಂದರ್ಭದಲ್ಲಿ ಗ್ರಾಮಸಭೆಗಳಲ್ಲಿ ‘ನೀರು ಎಷ್ಟಿದೆ’ ಎಂಬ ಪ್ರಶ್ನೆ ಸಹಜವಾಗಿಯೇ ಮೊದಲು ಬರುತ್ತದೆ. ‘ಉಳಿದಿರುವ ನೀರು ಎಂತಹದು’ ಎಂಬ ಪ್ರಶ್ನೆಯೂ ಅಷ್ಟೇ ಮಹತ್ವದ್ದಾಗಿದೆ.

ನಮ್ಮ ಜಲಮೂಲಗಳು

ಕಲಬುರಗಿ ನಗರಕ್ಕೆ ಸರಡಗಿ ಬಳಿಯ ಭೀಮಾ ಬ್ಯಾರೇಜ್ ಹಾಗೂ ಬೆಣ್ಣೆತೊರೆ ನೀರಿನ ಪ್ರಮುಖ ಆಸರೆ. ಕಮಲಾಪುರ ಭಾಗದ ಕುರಿಕೋಟಾವನ್ನು ಹಾದುಹೋಗುವ ಬೆಣ್ಣೆತೊರೆಗೆ ಹೇರೂರಿನಲ್ಲಿ ಅಣೆಕಟ್ಟು ಕಟ್ಟಲಾಗಿದೆ. ಅದರ ಉಪಹಳ್ಳವಾದ ಗಂಡೋರಿ ನಾಲಾಕ್ಕೆ ಬೆಳಕೋಟಾದಲ್ಲಿ ಜಲಾಶಯವಿದೆ. ಬೆಣ್ಣೆತೊರೆ ಕಾಗಿಣಾವನ್ನೂ ಕಾಗಿಣಾ ಭೀಮೆಯನ್ನೂ ಸೇರುವುದರಿಂದ, ಮೇಲಿನ ಊರಿನವರು ಹರಿಯಬಿಟ್ಟ ಕೊಳಚೆ ಕೆಳಗಿನ ಊರಿನವರ ಕೊಡವನ್ನು ಸೇರುತ್ತದೆ.

ಲೆಕ್ಕಾಚಾರದ ಬಗೆ

ನದಿ ನೀರಿನ ಗುಣಮಟ್ಟದ ಮಾದರಿ ಎಂದರೆ ಮೂಲತಃ ಮಿಶ್ರಣದ ಲೆಕ್ಕ. ಕೊಳೆಯುವ ಪದಾರ್ಥದ ಪ್ರಮಾಣವನ್ನು ‘ಜೈವಿಕ ಆಮ್ಲಜನಕ ಬೇಡಿಕೆ’ (ಬಿಒಡಿ) ಎಂಬ ಅಳತೆಯಿಂದ ತಿಳಿಯಲಾಗುತ್ತದೆ. ಶುದ್ಧೀಕರಿಸಿ ಕುಡಿಯಲು ಬಳಸುವ ನದಿ ನೀರಿನಲ್ಲಿ ಇದು ಲೀಟರಿಗೆ 3 ಮಿಲಿಗ್ರಾಂ ಮೀರಬಾರದೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ.

ಉದಾಹರಣೆಗೆ, 2 ಮಿ.ಗ್ರಾಂ ಬಿಒಡಿ ಇರುವ 90 ಲೀಟರ್ ನದಿ ನೀರಿಗೆ 30 ಮಿ.ಗ್ರಾಂ ಬಿಒಡಿ ಇರುವ 10 ಲೀಟರ್ ಚರಂಡಿ ನೀರು ಸೇರಿದರೆ ಮಿಶ್ರಣದಲ್ಲಿ 4.8 ಮಿ.ಗ್ರಾಂ ಆಗುತ್ತದೆ. ಬರದಿಂದ ನದಿ ನೀರು 10 ಲೀಟರಿಗೆ ಇಳಿದರೆ ಅದೇ ಚರಂಡಿಯಿಂದ 16 ಮಿ.ಗ್ರಾಂ ಆಗುತ್ತದೆ. ಚರಂಡಿ ಹೆಚ್ಚಲಿಲ್ಲ; ಅದನ್ನು ತಿಳಿಯಾಗಿಸುವ ನೀರು ಕಡಿಮೆಯಾಯಿತು.

ಬಿಸಿಲೂ ಇದಕ್ಕೆ ಕೂಡುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿ.ಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು. 30 ಡಿಗ್ರಿಯಲ್ಲಿ ಸುಮಾರು 7.5 ಮಾತ್ರ. ಕೊಳೆಯುವಿಕೆ ಈ ಆಮ್ಲಜನಕವನ್ನು ಕಬಳಿಸಿದಾಗ ಮೀನು ಸಾಯುತ್ತವೆ, ನೀರು ನಾರುತ್ತದೆ. ಕೊಳಚೆ ಸೇರಿದ ಜಾಗದಿಂದ ಎಷ್ಟು ದೂರದಲ್ಲಿ ಆಮ್ಲಜನಕ ಅತಿ ಕಡಿಮೆಯಾಗುತ್ತದೆ ಎಂಬುದನ್ನು ಲೆಕ್ಕಹಾಕುವ ಸೂತ್ರವನ್ನು 1925ರಲ್ಲಿ ಅಮೆರಿಕದ ಸ್ಟ್ರೀಟರ್ ಮತ್ತು ಫೆಲ್ಪ್ಸ್ ಓಹಾಯೋ ನದಿಯ ಅಧ್ಯಯನದಿಂದ ರೂಪಿಸಿದರು. ಇಂದಿನ ಗಣಕ ಮಾದರಿಗಳಿಗೂ ಅದೇ ತಳಹದಿ.

ಜಲಾಶಯದಿಂದ ಬಿಡುವುದೇ, ಉಳಿಸುವುದೇ?

ಮೇಲಿನ 10 ಲೀಟರ್ ಚರಂಡಿ ನೀರನ್ನು 3 ಮಿ.ಗ್ರಾಂ ಮಿತಿಗೆ ತರಲು 270 ಲೀಟರ್ ನದಿ ನೀರು ಬೇಕು. ಅದೇ ಚರಂಡಿ ನೀರನ್ನು ಮೊದಲೇ 10 ಮಿ.ಗ್ರಾಂಗೆ ಸಂಸ್ಕರಿಸಿದರೆ 70 ಲೀಟರ್ ಸಾಕು. ಬರಗಾಲದಲ್ಲಿ ಅಣೆಕಟ್ಟಿನಿಂದ ನೀರು ಬಿಟ್ಟು ಕೊಳೆ ತೊಳೆಯುವುದು ದುಬಾರಿ ಉಪಾಯವೆಂಬುದು ಇದರಿಂದ ಸ್ಪಷ್ಟ. ಕುಡಿಯುವ ನೀರಿಗೆ ಮೊದಲ ಆದ್ಯತೆ ನೀಡಬೇಕಾಗಿರುವುದರಿಂದ, ಚರಂಡಿಯನ್ನು ದಂಡೆಯಲ್ಲೇ ತಡೆಯುವುದೂ ಜಲಾಶಯವನ್ನು ಉಳಿಸುವ ಕಾರ್ಯವೇ ಆಗಿದೆ.

ಜಲಾಶಯದ ಮಟ್ಟ ಕುಸಿದಂತೆ ಆವಿಯಾಗುವಿಕೆಯಿಂದ ಲವಣಾಂಶ ಸಾಂದ್ರವಾಗುತ್ತದೆ. ತಳದ ನೀರಿನಲ್ಲಿ ಆಮ್ಲಜನಕ ತಗ್ಗಿ, ಹೂಳಿನಿಂದ ಕಬ್ಬಿಣ ಹಾಗೂ ಮ್ಯಾಂಗನೀಸ್ ಕರಗಿ ಬರುತ್ತವೆ. ಬರದ ನಂತರದ ಮೊದಲ ಮಳೆಯು ದಂಡೆಯಲ್ಲಿ ಸಂಗ್ರಹವಾದ ಕಸವನ್ನೆಲ್ಲ ಒಮ್ಮೆಗೇ ನದಿಗೆ ತರುವುದರಿಂದ ಆ ದಿನಗಳಲ್ಲಿ ಹೆಚ್ಚಿನ ಎಚ್ಚರ ಅಗತ್ಯ.

ಗ್ರಾಮ ಪಂಚಾಯಿತಿಗಳು ಗಮನಿಸಬೇಕಾದ ಅಂಶಗಳು

1. ತಾಜಸುಲ್ತಾನಪುರದಂತಹ ನಗರದಂಚಿನ ಗ್ರಾಮಗಳಲ್ಲಿ ಚರಂಡಿ ನೀರು ಹಳ್ಳ ಸೇರುವ ಸ್ಥಳಗಳನ್ನು ಗುರುತಿಸಿ, ಬೂದು ನೀರನ್ನು ಇಂಗುಗುಂಡಿಗಳಿಗೆ ತಿರುಗಿಸಬೇಕು. ಗುಂಡಿಗಳು ಕೊಳವೆಬಾವಿಯಿಂದ ದೂರವಿರಬೇಕು.

2. ಕ್ಷೇತ್ರ ಪರೀಕ್ಷಾ ಕಿಟ್‌ನಿಂದ ಬೇಸಿಗೆಯಲ್ಲಿ ನೀರನ್ನು ಪದೇ ಪದೇ ಪರೀಕ್ಷಿಸಿ, ಫಲಿತಾಂಶವನ್ನು ದಿನಾಂಕ ಸಹಿತ ವಹಿಯಲ್ಲಿ ದಾಖಲಿಸಬೇಕು. ನೈಟ್ರೇಟ್ 45 ಮಿ.ಗ್ರಾಂ ಅಥವಾ ಫ್ಲೋರೈಡ್ 1.5 ಮಿ.ಗ್ರಾಂ ಮೀರಿದ ಮೂಲವನ್ನು ಕುಡಿಯಲು ಬಳಸಬಾರದು. ಕುದಿಸಿದರೆ ರೋಗಾಣುಗಳು ಸಾಯುತ್ತವೆ. ಈ ಲವಣಗಳು ಕಡಿಮೆಯಾಗುವುದಿಲ್ಲ.

3. ಟ್ಯಾಂಕರ್ ನೀರಿಗೂ ಕ್ಲೋರಿನ್ ಹಾಕಿ, ಅರ್ಧ ಗಂಟೆಯ ನಂತರವೇ ವಿತರಿಸಬೇಕು. ಕೊನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ ಕ್ಲೋರಿನ್ ಉಳಿದಿರಬೇಕು. ಕದಡಿದ ನೀರನ್ನು ಮೊದಲು ತಿಳಿಗೊಳಿಸಬೇಕು.

4. ನೀರಿನ ಬಣ್ಣ, ವಾಸನೆ ಬದಲಾದರೆ ಅಥವಾ ಮೀನು ಸತ್ತಿರುವುದು ಕಂಡರೆ ಸರಬರಾಜನ್ನು ನಿಲ್ಲಿಸಿ, ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಗೆ ಕೂಡಲೇ ತಿಳಿಸಬೇಕು.

ಗಣಕದಲ್ಲಿ ನಡೆಯುವ ಯಾವ ಲೆಕ್ಕವೂ ದಂಡೆಯಲ್ಲಿ ದಾಖಲಾದ ಅಂಕಿಗಳಿಗಿಂತ ಹೆಚ್ಚು ನಿಖರವಾಗಿರಲಾರದು. ಪಂಚಾಯಿತಿಯ ವಹಿ ಸರಿಯಾಗಿದ್ದರೆ ಜಲಾಶಯದ ಗೇಟು ತೆರೆಯುವ ನಿರ್ಧಾರಕ್ಕೂ ಆಧಾರ ದೊರೆಯುತ್ತದೆ.