ಡಬ್ಬಿ ಔಷಧಿಗೆ ಮೊದಲು ರಚ್ಚಿನ ರಾಶಿ ನೋಡಿ

ಆಲೆಮನೆ ಶುರುವಾಯಿತೆಂದರೆ ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಕೆಮ್ಮೂ ಶುರು. ಗಾಣಕ್ಕೆ ಕಬ್ಬು ಕೊಡುವವರಿಗಿಂತ ರಚ್ಚು ಹರಡಿ ಒಣಗಿಸುವವರಿಗೆ, ಒಲೆಗೆ ಉರಿ ಹಾಕುವವರಿಗೆ ಇದು ಹೆಚ್ಚು. ಈಗೀಗ ಇವರ ಕೈಗೆ 'ಶ್ವಾಸಕೋಶ ಶುದ್ಧಿ'ಯ ಡಬ್ಬಿಗಳು ಬರುತ್ತಿವೆ. ಒಂದರಲ್ಲಿ ಆಡುಸೋಗೆ, ತುಳಸಿ, ಹಿಪ್ಪಲಿ; ಇನ್ನೊಂದರಲ್ಲಿ 'ಪ್ರೋಬಯೋಟಿಕ್'.

ನಾನು ಕಬ್ಬು ಹಾಕುವ ಆಲೆಮನೆಯ ಆಳೊಬ್ಬ ಎರಡು ದಿನದ ಕೂಲಿ ಸುರಿದು ಇಂಥದ್ದೊಂದು ತಂದಿದ್ದ. "ಇದ ಕುಡುದ್ರೆ ಒಳಗಿರೋ ದೂಳೆಲ್ಲ ತೊಳ್ಕೊಂಡ್ ಹೋಯ್ತದಂತೆ ಕಣಣ್ಣ" ಎಂದ. ಹೋಗುತ್ತದೆಯೇ? ಓದಿ, ವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ರಚ್ಚಿನ ರಾಶಿಯೊಳಗೆ ಏನಿದೆ?

ಹಸಿ ತಿಪ್ಪೆಯೊಳಗೆ ಕೈ ಹಾಕಿದರೆ ಬಿಸಿ ತಾಗುವುದು ನಮಗೆಲ್ಲ ಗೊತ್ತು. ತೇವವಿರುವಾಗಲೇ ಒಟ್ಟಿದ ರಚ್ಚಿನ ರಾಶಿಯೂ ಹಾಗೇ ಕಾಯುತ್ತದೆ. ಆ ಶಾಖದಲ್ಲಿ 'ಥರ್ಮೋಆಕ್ಟಿನೋಮೈಸಿಸ್' ಎಂಬ ಸೂಕ್ಷ್ಮಾಣು ಸೊಂಪಾಗಿ ಬೆಳೆಯುತ್ತದೆ. ರಾಶಿ ಕೆದಕಿದಾಗ ಏಳುವ ಬೂಷ್ಟಿನ ದೂಳಿನಲ್ಲಿ ಇದರ ಬೀಜಕಣಗಳಿರುತ್ತವೆ. ಅವು ಎಷ್ಟು ಸಣ್ಣವೆಂದರೆ ಮೂಗು, ಗಂಟಲು ದಾಟಿ ಶ್ವಾಸಕೋಶದ ತುದಿಯವರೆಗೂ ಹೋಗುತ್ತವೆ.

ಇದರಿಂದ ಬರುವ ಕಾಯಿಲೆಗೆ 'ಬಗಾಸೋಸಿಸ್' ಎಂದು ಹೆಸರು. ಕಬ್ಬು ಬೆಳೆಯುವ ಅಮೆರಿಕದ ಲೂಸಿಯಾನದಲ್ಲಿ 1941ರಲ್ಲೇ ವೈದ್ಯರು ಇದನ್ನು ಗುರುತಿಸಿ ಬರೆದಿದ್ದರು. ಲಕ್ಷಣ ನೆನಪಿಡಿ: ದೂಳಿನಲ್ಲಿ ಕೆಲಸ ಮಾಡಿದ ನಾಲ್ಕರಿಂದ ಎಂಟು ಗಂಟೆಗೆ ಚಳಿ, ಜ್ವರ, ಒಣಕೆಮ್ಮು, ಏದುಸಿರು. ನಾಲ್ಕು ದಿನ ಮನೆಯಲ್ಲಿದ್ದರೆ ವಾಸಿ. ಮತ್ತೆ ಕೆಲಸಕ್ಕೆ ಹೋದರೆ ಮತ್ತೆ ಜ್ವರ. 'ಚಳಿಗಾಲದ ಜ್ವರ' ಎಂದು ತಳ್ಳಿಹಾಕುತ್ತಾ ವರ್ಷಗಟ್ಟಲೆ ಹೀಗೇ ದೂಳು ಕುಡಿದರೆ ಶ್ವಾಸಕೋಶ ಗಟ್ಟಿಕಟ್ಟುತ್ತದೆ. ಹಾಗೆ ಗಟ್ಟಿಯಾದದ್ದನ್ನು ಯಾವ ಸೊಪ್ಪೂ, ಯಾವ ಡಬ್ಬಿಯೂ ಮೆದು ಮಾಡಲಾರದು.

ಇದರ ಜೊತೆಗೆ ಹೊಗೆ. ಹಸಿ ರಚ್ಚು ಉರಿಸಿದರೆ ಹೊಗೆ ಹೆಚ್ಚು. ಕೆಲವು ಕಡೆ ಹಳೇ ಟೈರು, ಪ್ಲಾಸ್ಟಿಕ್ಕನ್ನೂ ಒಲೆಗೆ ತುರುಕುತ್ತಾರೆ. ಆ ಹೊಗೆ ಇನ್ನೂ ಕೆಟ್ಟದ್ದು.

ಆಡುಸೋಗೆ ಸುಳ್ಳಲ್ಲ, ಆದರೆ...

ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತೇವೆ. ಆದರೆ ಬೇಲಿಯ ಆಡುಸೋಗೆಯನ್ನು ಆಡೂ ಮೂಸಿ ಬಿಡುತ್ತದೆ. ಅದರ ಎಲೆಯಲ್ಲಿ 'ವ್ಯಾಸಿಸೀನ್' ಎಂಬ ಕಹಿ ಸತ್ವವಿದೆ. ಕಫ ತೆಳುವಾಗಿಸಲು ವೈದ್ಯರು ಬರೆದುಕೊಡುವ ಬ್ರೋಮ್‌ಹೆಕ್ಸಿನ್ ಹುಟ್ಟಿದ್ದು ಇದನ್ನೇ ಮಾದರಿಯಾಗಿಟ್ಟುಕೊಂಡು. ಅದರಿಂದ ಬಂದದ್ದು ಆಂಬ್ರಾಕ್ಸಾಲ್. ಅಂದಮೇಲೆ ನಮ್ಮ ಅಜ್ಜಿಯರ ಆಡುಸೋಗೆ ಕಷಾಯ ಬರೀ ನಂಬಿಕೆಯಲ್ಲ. ಆದರೆ ಕಟ್ಟಿದ ಕಫ ಸಡಿಲಿಸುವುದೇ ಬೇರೆ, ಒಳಗೆ ಕೂತ ದೂಳು ತೊಳೆಯುವುದೇ ಬೇರೆ. ಎರಡನೆಯದು ಅದರ ಕೈಲಾಗದು.

ಎರಡು ಎಚ್ಚರಿಕೆ. ಆಡುಸೋಗೆ ಗರ್ಭಕೋಶವನ್ನು ಕೆರಳಿಸುತ್ತದೆ, ಬಸುರಿಯರಿಗೆ ಕೊಡಲೇಬಾರದು. ಇಂಥ ಪುಡಿಗಳಲ್ಲಿ ಬೆರೆಸುವ ಜೇಷ್ಠಮಧುವನ್ನು ದಿನವೂ ತಿಂದರೆ ರಕ್ತದೊತ್ತಡ ಏರುತ್ತದೆ. ಬಿಪಿ ಇರುವವರು ದೂರವಿರಿ.

ಪ್ರೋಬಯೋಟಿಕ್ ಅಂದರೆ?

ಟ್ರೈಕೋಡರ್ಮ ತಂದು ಗೊಬ್ಬರಕ್ಕೆ ಬೆರೆಸುತ್ತೇವಲ್ಲ, ಅದೇ ಲೆಕ್ಕ. ಉಪಕಾರಿ ಜೀವಾಣು ಜೀವಂತವಾಗಿರಬೇಕು, ಸಾಕಷ್ಟು ಸಂಖ್ಯೆಯಲ್ಲಿರಬೇಕು. ಬಿಸಿಲಿಗಿಟ್ಟ ಟ್ರೈಕೋಡರ್ಮ ಹೇಗೆ ದಂಡವೋ, ಕೆಡಿಸಿಟ್ಟ ಪ್ರೋಬಯೋಟಿಕ್ಕೂ ಹಾಗೇ. ಯಾವ ಜೀವಾಣು, ಎಷ್ಟು ಸಂಖ್ಯೆ, ಎಂದಿನವರೆಗೆ ಎಂದು ಬರೆದಿಲ್ಲದ ಡಬ್ಬಿಗೆ ದುಡ್ಡು ಕೊಡಬೇಡಿ.

ಹಲವು ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದ ಕಾಕ್ರೇನ್ ಸಂಸ್ಥೆಯ 2022ರ ವರದಿ ಹೇಳುವುದು ಇಷ್ಟೇ: ಪ್ರೋಬಯೋಟಿಕ್ ತೆಗೆದುಕೊಂಡವರಿಗೆ ನೆಗಡಿ, ಗಂಟಲುಬೇನೆಯಂಥ ಸೋಂಕು ಸ್ವಲ್ಪ ಕಡಿಮೆಯಾಗಬಹುದು. ದೂಳು, ಹೊಗೆಯಿಂದ ಕೆಟ್ಟ ಶ್ವಾಸಕೋಶ ಸರಿಹೋಗುತ್ತದೆ ಎಂದಲ್ಲ. ಮನೆಯ ಮೊಸರು, ಮಜ್ಜಿಗೆ ಹೊಟ್ಟೆಗೆ ಒಳ್ಳೆಯದು, ಧಾರಾಳವಾಗಿ ಕುಡಿಯಿರಿ. ಅದನ್ನೇ ಮದ್ದೆಂದು ನಂಬಿ ಕೂರಬೇಡಿ. ಇಂಥ ಪೂರಕ ಆಹಾರದ ಡಬ್ಬಿಯ ಮೇಲೆ, ಇದು ಔಷಧಿಯಾಗಿ ಬಳಸುವುದಕ್ಕಲ್ಲ ಎಂದು ಬರೆದಿರಲೇಬೇಕೆಂಬ ನಿಯಮವಿದೆ. ಸಣ್ಣ ಅಕ್ಷರ ಓದಿ.

ಎರಡು ವಾರ ದಾಟಿದರೆ

ಆ ಆಳು ಎರಡು ತಿಂಗಳು ಪುಡಿ ಕುಡಿದ. ಕೆಮ್ಮು ನಿಲ್ಲಲಿಲ್ಲ, ಮೈ ಇಳಿಯಿತು. ಕೊನೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿದಾಗ ಗೊತ್ತಾದದ್ದು ಕ್ಷಯ. ಮನೆಯಲ್ಲಿ ಎರಡು ಚಿಕ್ಕ ಮಕ್ಕಳು. ಡಬ್ಬಿಗೆ ಹೋದ ದುಡ್ಡು ಹಾಗಿರಲಿ, ಕಳೆದುಹೋದ ಆ ಎರಡು ತಿಂಗಳೇ ದೊಡ್ಡ ನಷ್ಟ.

ಕೆಮ್ಮು ಎರಡು ವಾರ ದಾಟಿದರೆ, ಕಫದಲ್ಲಿ ರಕ್ತ ಕಂಡರೆ, ಸಂಜೆ ಜ್ವರ ಬಂದರೆ ನೇರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಕಫ ಪರೀಕ್ಷೆಯೂ ಮಾತ್ರೆಯೂ ಉಚಿತ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಬಿಡದೆ ನುಂಗಬೇಕು. ಪೌಷ್ಟಿಕ ಆಹಾರಕ್ಕೆಂದು ರೋಗಿಯ ಬ್ಯಾಂಕ್ ಖಾತೆಗೆ ಹಣ ಹಾಕುವ ಯೋಜನೆ 2018ರಿಂದ ಇದೆ. 2024ರ ನವೆಂಬರಿನಿಂದ ಅದು ತಿಂಗಳಿಗೆ 1000 ರೂಪಾಯಿ. ವೈದ್ಯರ ಮುಂದೆ "ಆಲೆಮನೆ ಕೆಲಸ, ರಚ್ಚಿನ ದೂಳು" ಎಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಬಗಾಸೋಸಿಸ್ ಅವರಿಗೂ ಹೊಳೆಯುವುದು ಕಷ್ಟ.

ಆಲೆಮನೆಯವರು ಮಾಡಬೇಕಾದ್ದು

ರಚ್ಚನ್ನು ತೆಳ್ಳಗೆ ಹರಡಿ ಗರಿಗರಿ ಒಣಗಿಸಿಯೇ ಒಟ್ಟಿ. ರಾಶಿಯ ಅಡಿಗೆ ಕಲ್ಲು, ಮರ ಹಾಕಿ ನೆಲದ ತೇವ ತಪ್ಪಿಸಿ. ಮಳೆ ಬಂದರೆ ಟಾರ್ಪಾಲು ಹೊದಿಸಿ, ಬಿಸಿಲಾದೊಡನೆ ತೆಗೆಯಿರಿ. ಬೂಷ್ಟು ಹಿಡಿದ ರಚ್ಚನ್ನು ನೀರು ಚಿಮುಕಿಸಿ ದೂಳು ಕೂರಿಸಿಕೊಂಡು ಗೊಬ್ಬರದ ಗುಂಡಿಗೆ ಸೇರಿಸಿ, ಒಲೆಗೆ ಬೇಡ. ಗಾಳಿಗೆ ಬೆನ್ನು ಕೊಟ್ಟು ಕೆಲಸ ಮಾಡಿ. ಮುಖಕ್ಕೆ ಸುತ್ತಿದ ಟವಲು ಈ ಸಣ್ಣ ದೂಳನ್ನು ತಡೆಯದು. ಎನ್-95 ಮಾಸ್ಕು ಬೇಕು. ಅದನ್ನು ಆಳೇ ತರಲಿ ಎನ್ನದೆ ಆಲೆಮನೆಯ ಯಜಮಾನರು ಕೊಡಿಸಬೇಕು.

ಒಣಗಿದ ರಚ್ಚು ಚೆನ್ನಾಗಿ ಉರಿಯುತ್ತದೆ, ಕೊಪ್ಪರಿಗೆ ಬೇಗ ಕುದಿಯುತ್ತದೆ. ಆದ್ದರಿಂದ ಇದು ಯಜಮಾನರಿಗೂ ನಷ್ಟದ ಬಾಬತ್ತಲ್ಲ. ಈ ಸಲ ಗಾಣ ಕಟ್ಟುವ ಮೊದಲು ಕಳೆದ ಸಾಲಿನ ರಾಶಿಯನ್ನು ಒಮ್ಮೆ ನೋಡಿ, ಬೂಷ್ಟಿದ್ದರೆ ಗುಂಡಿಗೆ ಹಾಕಿಸಿ.