ಮುರುಟಿದ ಬೆರಳುಗಳು ಮತ್ತೆ ಅರಳಿದವು

ಅನ್ನದ ತುತ್ತನ್ನು ಬಾಯಿಗಿಡುವಾಗ, ಅಂಗಿಯ ಗುಂಡಿ ಹಾಕಿಕೊಳ್ಳುವಾಗ, ಮನೆಗೆ ಬಂದವರಿಗೆ ಕೈಮುಗಿಯುವಾಗ ನಮ್ಮ ಬೆರಳುಗಳು ಎಷ್ಟು ಸಲೀಸಾಗಿ ಬಾಗಿ ನಿಮಿರುತ್ತವೆ ಎಂಬುದನ್ನು ನಾವಾರೂ ಯೋಚಿಸುವುದಿಲ್ಲ. ಅವು ಹದ್ದಿನ ಉಗುರಿನಂತೆ ಮುರುಟಿ ನಿಂತಾಗಲೇ ಬೆರಳಿನ ಬೆಲೆ ತಿಳಿಯುವುದು. ಕುಷ್ಠರೋಗಕ್ಕೆ ಸಿಕ್ಕಿದ ಅನೇಕರ ಪಾಡು ಇದೇ ಆಗಿತ್ತು. ಈ ರೋಗ ಮಾಂಸವನ್ನೇ ಕೊಳೆಯಿಸುತ್ತದೆ, ಅಂಥ ಕೈಯನ್ನು ಕೊಯ್ದರೆ ಗಾಯ ಮಾಯದು ಎಂದು ವೈದ್ಯರೂ ನಂಬಿದ್ದ ಕಾಲವೊಂದಿತ್ತು.

ಆ ನಂಬಿಕೆಯನ್ನು ಅಲುಗಿಸಿದ್ದು ಒಂದು ಹಸ್ತಲಾಘವ!

ಡಾಕ್ಟರ್ ಪಾಲ್ ಬ್ರ್ಯಾಂಡ್ ಆಂಗ್ಲ ದಂಪತಿಗಳ ಮಗ. ಹುಟ್ಟಿದ್ದು 1914ರಲ್ಲಿ, ತಮಿಳುನಾಡಿನ ಕೊಲ್ಲಿಮಲೆಯಲ್ಲಿ. ಲಂಡನ್ನಿನಲ್ಲಿ ಶಸ್ತ್ರವೈದ್ಯ ಕಲಿತು 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕೆಲವು ಕಾಲದ ಮೇಲೆ ಚೆಂಗಲ್ಪಟ್ಟಿನ ಕುಷ್ಠರೋಗ ಆಸ್ಪತ್ರೆಯನ್ನು ನೋಡಲು ಹೋದಾಗ, ಬೆರಳು ಮುರುಟಿದ ರೋಗಿಯೊಬ್ಬನ ಕೈ ಹಿಡಿದು, ಬಲವಾಗಿ ಹಿಸುಕುವಂತೆ ಹೇಳಿದರು. ಆತನ ಹಿಡಿತಕ್ಕೆ ಸ್ವತಃ ಡಾಕ್ಟರರೇ ನೋವಿನಿಂದ ಕೂಗುವಂತಾಯಿತು. ಸತ್ತಿತೆಂದು ಎಲ್ಲರೂ ಆಸೆ ಬಿಟ್ಟಿದ್ದ ಕೈಯಲ್ಲಿ ಇಷ್ಟು ಬಲ ಎಲ್ಲಿಂದ ಬಂತು?

ಗುಟ್ಟು ಇದ್ದದ್ದು ನರಗಳಲ್ಲಿ. ರೋಗಾಣು ಮೊಣಕೈಯ ಬಳಿ ಹಾದುಹೋಗುವ ನರವನ್ನು ಕೆಡಿಸಿದಾಗ ಅಂಗೈಯೊಳಗಿನ ಸಣ್ಣ ಸ್ನಾಯುಗಳು ಸೋಲುತ್ತವೆ. ಬೆರಳು ಮಡಿಸುವ ಮುಂಗೈಯ ದೊಡ್ಡ ಸ್ನಾಯುಗಳು ಗಟ್ಟಿಯಾಗಿಯೇ ಉಳಿದಿರುತ್ತವೆ. ನೊಗದ ಒಂದು ಎತ್ತು ಕುಸಿದು ಇನ್ನೊಂದೇ ಎಳೆದರೆ ಬಂಡಿ ಓರೆಯಾಗುವುದಿಲ್ಲವೆ? ಬೆರಳುಗಳ ಗತಿಯೂ ಹಾಗೆಯೇ.

ಹಾಗಾದರೆ ಉಳಿದ ಬಲವನ್ನೇ ಹಂಚಿಕೊಡಬಾರದೇಕೆ? ಬೆರಳನ್ನು ಮಡಿಸಲು ಮುಂಗೈಯಿಂದ ಎರಡು ಸ್ನಾಯುರಜ್ಜುಗಳು, ಅಂದರೆ ಗಟ್ಟಿ ಹುರಿಗಳು, ಬರುತ್ತವೆ. ಒಂದನ್ನು ಬಿಡಿಸಿಕೊಂಡರೂ ಕೆಲಸ ನಡೆಯುತ್ತದೆ. ಬ್ರ್ಯಾಂಡ್ ಅಂಥ ಹುರಿಯನ್ನು ಸೀಳಿ, ಸೋತ ಸ್ನಾಯುಗಳ ಜಾಡಿನಲ್ಲಿ ಸಾಗಿಸಿ, ಬೆರಳುಗಳಿಗೆ ಹೊಲಿದರು. ಗಾಯಗಳು ಎಲ್ಲರ ಗಾಯಗಳಂತೆಯೇ ಮಾಯ್ದವು. ನಿನ್ನೆಯವರೆಗೆ ಮಡಿಸುತ್ತಿದ್ದ ಹುರಿ ಇನ್ನು ನಿಮಿರಿಸಬೇಕೆಂಬುದನ್ನು ರೋಗಿಗಳು ವ್ಯಾಯಾಮದಿಂದ ತಾಳ್ಮೆಯಾಗಿ ಕಲಿತರು.

ಆದರೆ ನೆಟ್ಟಗಾದ ಬೆರಳಿಗೂ ನೋವಿನ ಅರಿವು ಮರಳಲಿಲ್ಲ. ಬಿಸಿ ಪಾತ್ರೆ ಸುಟ್ಟರೂ ತಿಳಿಯದು. ಕೆಲವರ ಬೆರಳು ರಾತ್ರಿ ಬೆಳಗಾಗುವುದರೊಳಗೆ ಮೊಟಕಾಗುತ್ತಿದ್ದುದರ ಕಾರಣ ಹುಡುಕಿದಾಗ ಸಿಕ್ಕಿದ್ದು ಇಲಿಗಳು! ನಿದ್ದೆಯಲ್ಲಿ ಅವು ಕಡಿಯುವುದು ರೋಗಿಗೆ ಗೊತ್ತಾಗುತ್ತಿರಲಿಲ್ಲ. ಅಂದಿನಿಂದ ಊರಿಗೆ ಹೊರಟ ರೋಗಿಯ ಜೊತೆ ಒಂದು ಬೆಕ್ಕನ್ನೂ ಕಳುಹಿಸತೊಡಗಿದರು.

ಇನ್ನೂ ದೊಡ್ಡ ಪೆಟ್ಟು ಬೇರೆ ಕಡೆಯಿಂದ ಬಂತು. ಕೈ ಗುಣವಾಗಿ ಹೋದ ಯುವಕನೊಬ್ಬ ಸೊರಗಿ ಹಿಂದಿರುಗಿದ. ರೋಗಿಯಾಗಿದ್ದವನೆಂದು ಯಾರೂ ಕೆಲಸ ಕೊಡಲಿಲ್ಲ, ಇರಲು ಮನೆ ಕೊಡಲಿಲ್ಲ. ಮುರುಟಿದ ಕೈಗೆ ಬೀಳುತ್ತಿದ್ದ ಭಿಕ್ಷೆಯೂ ನೆಟ್ಟನೆಯ ಕೈಗೆ ಬೀಳಲಿಲ್ಲ. ಬೆರಳನ್ನು ಬಿಡಿಸಿದರೆ ಸಾಲದು, ಅದಕ್ಕೊಂದು ಕಸುಬು ಬೇಕೆಂದು ವೈದ್ಯರು ಮನಗಂಡರು. ವೆಲ್ಲೂರಿನಲ್ಲಿ ನವಜೀವ ನಿಲಯವೆಂಬ ಪುಟ್ಟ ಹಳ್ಳಿ ಎದ್ದಿತು. ಅಲ್ಲಿ ಮರಗೆಲಸ ಕಲಿತ ಕೈಗಳು ಮಕ್ಕಳಿಗೆ ಆಟಿಕೆಗಳನ್ನು ಮಾಡಿದವು.

ಬ್ರ್ಯಾಂಡ್ 2003ರಲ್ಲಿ ತೀರಿಕೊಂಡರು. ಈಗ ಕುಷ್ಠಕ್ಕೆ ಖಚಿತ ಮದ್ದುಂಟು. ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಸೂಚಿಸಿದ ಬಹು ಔಷಧ ಚಿಕಿತ್ಸೆಯನ್ನು ರೋಗದ ಬಗೆ ನೋಡಿ 6 ಅಥವಾ 12 ತಿಂಗಳು ಕೊಡುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ನರ ಸೋತ ಹೊಸದರಲ್ಲೇ ಹೋದರೆ ಸ್ಟೆರಾಯ್ಡ್ ಮಾತ್ರೆಗಳಿಂದ ಅನೇಕರ ಬೆರಳು ಮುರುಟದೆ ಉಳಿಯುತ್ತದೆ. ಆದುದರಿಂದ ಚರ್ಮದ ಮೇಲೆ ಸ್ಪರ್ಶ ತಿಳಿಯದ ಮಚ್ಚೆ ಕಂಡರೆ ನಾಚಿ ಮುಚ್ಚಿಡಬೇಡಿ, ವೈದ್ಯರಿಗೆ ತೋರಿಸಿ.

ಮುರುಟಿದ ಕೈಯನ್ನು ಬಿಡಿಸುವ ವಿದ್ಯೆ ವೈದ್ಯರಿಗೆ ಕೈವಶವಾಗಿದೆ. ಆ ಕೈಯನ್ನು ಹಿಂಜರಿಯದೆ ಹಿಡಿಯುವ ಕೆಲಸ ಮಾತ್ರ ನಮ್ಮದು.